ಕಿಟಕಿಯ ಮೇಲಿನ ಕಲ್ಲುಗಳು

ಧಾರವಾಡದ ನಮ್ಮ ಮನೆಯ ಪಡಸಾಲೆಯ ಕಿಟಕಿಯಲ್ಲಿ ಹದಿನೇಳು ಕಲ್ಲುಗಳಿವೆ. ಅವುಗಳನ್ನು ಎತ್ತಿ ಧೂಳು ಒರೆಸುವಾಗಲೆಲ್ಲ ನನ್ನ ಹೆಂಡತಿ, "ಇದರಾಗ ಮನಷ್ಯಾ ಮಾಡಿದ್ದು ಯಾವುದು, ದೇವರು ಮಾಡಿದ್ದು ಯಾವುದು ಒಮ್ಮೆ ಹೇಳಿಬಿಡ್ರಿ, ದೇವರು ಮಾಡಿದ್ದನ್ನ ಹಿತ್ತಲಕ್ಕ ಒಗೀತೀನಿ" ಎನ್ನುತ್ತಾಳೆ. ಈ ಪ್ರಶ್ನೆಗೆ ಆರು ವರ್ಷಗಳಿಂದ ನಾನು ಪೂರ್ತಿ ಉತ್ತರ ಕೊಟ್ಟಿಲ್ಲ.

ಈ ಹುಚ್ಚು ಹತ್ತಿದ್ದು ಗದಗ ಜಿಲ್ಲೆಯ ಮೆಣಸಗಿಯ ಕಡೆಗೆ ಒಂದು ಮದುವೆಗೆ ಹೋದಾಗ. ಮಲಪ್ರಭೆಯ ಆ ದಂಡೆಯಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು, ಅಂದರೆ ಹಿಡಿಕೆಯಿಲ್ಲದೆ ಅಂಗೈಯಲ್ಲೇ ಹಿಡಿದು ಬಳಸುತ್ತಿದ್ದ ಕಲ್ಲಿನ ಆಯುಧಗಳು, ಸಿಕ್ಕಿವೆಯೆಂದು ಓದಿದ್ದೆ. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರದಲ್ಲಿ, ಒಂದು ಗರಸಿನ ಗುಂಡಿಯೊಳಗೆ ಇಂಥ ಆಯುಧವನ್ನು ಗುರುತಿಸಿದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ನೇ ಮುಂದೆ ನಮ್ಮ ಭಾಗದ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವನು. ಆ ಅಭಿಮಾನವೂ ಸೇರಿ, ಊಟವಾದ ಮೇಲೆ ರೇಷ್ಮೆ ಅಂಗಿಯಲ್ಲಿಯೇ ಹೊಳೆಯ ದಂಡೆಗೆ ಇಳಿದೆ. ಹತ್ತು ನಿಮಿಷದಲ್ಲಿ ಸಿಕ್ಕ ಮುಮ್ಮೂಲೆಯ ಕಲ್ಲೊಂದು ಅಂಗೈಗೆ ಎಷ್ಟು ಚೆನ್ನಾಗಿ ಕುಳಿತಿತೆಂದರೆ, ಅದನ್ನು ಮಾಡಿದವನ ಕೈಯನ್ನೇ ಕುಲುಕಿದಂತೆ ಅನಿಸಿತು. ಕೈಗೆ ಹೊಂದುವುದು ಸಾಕ್ಷಿಯೇ ಅಲ್ಲವೆಂದು ತಿಳಿದದ್ದು ಆಮೇಲೆ. ನಮ್ಮ ಕೈ ಬಲು ಉದಾರಿ, ಹೊಳೆಯ ಅರ್ಧದಷ್ಟು ಕಲ್ಲುಗಳಿಗೆ ಹೊಂದಿಕೊಳ್ಳುತ್ತದೆ.

ಹಾಗಾದರೆ ನೋಡಬೇಕಾದದ್ದು ಏನನ್ನು? ನುಣುಪು ಕಣದ ಗಟ್ಟಿ ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಹೊಡೆದಾಗ ಎದ್ದುಬರುವ ಚಕ್ಕೆಯಲ್ಲಿ, ಏಟು ಬಿದ್ದ ಜಾಗದ ಕೆಳಗೆ ಒಂದು ಸಣ್ಣ ಉಬ್ಬು ಇರುತ್ತದೆ. ಅಲ್ಲಿಂದ ಮುಂದಕ್ಕೆ, ಕೆರೆಗೆ ಹರಳು ಒಗೆದಾಗ ಏಳುವ ತೆರೆಗಳಂತೆ, ತೆಳುವಾದ ಬಳೆಗೆರೆಗಳು ಹರಡಿರುತ್ತವೆ. ಹೆಬ್ಬೆರಳನ್ನು ಮೆಲ್ಲಗೆ ಸವರಿದರೆ ಕಣ್ಣಿಗಿಂತ ಮೊದಲು ಬೆರಳಿಗೇ ಉಬ್ಬು ಗೊತ್ತಾಗುತ್ತದೆ. ಬಿಸಿಲಿಗೋ ಬೆಂಕಿಗೋ ಬಿರಿದು ಹೆಕ್ಕಳೆ ಎದ್ದ ಕಲ್ಲಿನಲ್ಲಿ ಈ ಉಬ್ಬು ಕಾಣುವುದಿಲ್ಲ. ಆದರೆ ಮಹಾಪೂರದಲ್ಲಿ ಕಲ್ಲಿಗೆ ಕಲ್ಲು ಬಡಿದರೂ ಉಬ್ಬು ಏಳಬಹುದು. ಆದ್ದರಿಂದ ಒಂದೇ ಚಕ್ಕೆಯ ಮೇಲೆ ತೀರ್ಪು ಕೊಡಲಾಗದು. ಮನುಷ್ಯನ ಗುರುತು ಇರುವುದು ಎರಡನೆಯ, ಮೂರನೆಯ ಏಟಿನಲ್ಲಿ. ಹೊಳೆಯ ಏಟುಗಳು ಎಲ್ಲೆಂದರಲ್ಲಿ ಬೀಳುತ್ತವೆ. ಕುಳಿತು ಮಾಡಿದವನು ಮಾತ್ರ ಹಿಂದಿನ ಏಟು ಬಿಟ್ಟ ಗುರುತನ್ನು ನೋಡಿ ಮುಂದಿನದನ್ನು ಹಾಕುತ್ತಾನೆ, ಕಲ್ಲನ್ನು ಮಗುಚಿ ಆ ಮಗ್ಗುಲಿನಿಂದಲೂ ಅದೇ ಅಂಚನ್ನು ತೆಳುಮಾಡುತ್ತಾನೆ.

ಈ ವಿಷಯದಲ್ಲಿ ಏಮಾರಿದವರಲ್ಲಿ ನಾನೊಬ್ಬನೇ ಅಲ್ಲ ಎಂಬುದು ಸಮಾಧಾನ. ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ, ಒರಟಾಗಿ ಒಡೆದ ಚಕಮಕಿ ಕಲ್ಲುಗಳನ್ನು ಆದಿಮಾನವನ ಆಯುಧಗಳೆಂದು ನಂಬಿದ ಪಂಡಿತರಿದ್ದರು. 1905ರಲ್ಲಿ ಮಾರ್ಸೆಲಿನ್ ಬೂಲ್ ಎಂಬ ಫ್ರೆಂಚ್ ವಿದ್ವಾಂಸ, ಸಿಮೆಂಟ್ ಕಾರ್ಖಾನೆಯೊಂದರ ಯಂತ್ರದಲ್ಲಿ ತಿರುಗಿ ಹೊರಬಿದ್ದ ಕಲ್ಲುಗಳಲ್ಲಿಯೂ ಅಂಥವೇ "ಆಯುಧ"ಗಳನ್ನು ತೋರಿಸಿದ. ನನ್ನ ಒಂಬತ್ತನೆಯ ಕಲ್ಲಿನದೂ ಅದೇ ಕತೆ. ಮೈಯೆಲ್ಲ ಕೆಂಪಡರಿದ್ದರೂ ಅದರ ಅಂಚಿನ ಒಡಕುಗಳು ಮಾತ್ರ ಬೆಳ್ಳಗೆ, ನಿನ್ನೆ ಮೊನ್ನೆಯವಂತೆ ಇದ್ದವು. ಅವು ಟ್ರ್ಯಾಕ್ಟರಿನ ನೇಗಿಲು ಮಾಡಿದ್ದು.

ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕಂಥ ನವಶಿಲಾಯುಗದ ಕೊಡಲಿಗಳಾದರೆ ಈ ತಂಟೆಯಿಲ್ಲ. ಅವುಗಳ ಬಾಯಿಯನ್ನು ಉಜ್ಜಿ ನುಣುಪು ಮಾಡಿರುತ್ತಾರೆ, ಮಕ್ಕಳೂ ಗುರುತಿಸಿಯಾರು. ಎರೆಹೊಲದ ನಟ್ಟನಡುವೆ ಬೀಳುವ ಹೊಳೆಗಲ್ಲು ಇನ್ನೊಂದು ಬಗೆ. ಮೈಮೇಲೆ ಒಂದು ಏಟೂ ಇರದಿದ್ದರೂ, ನೀರು ತಂದು ಹಾಕುವ ಹಾಗಿಲ್ಲದ ಆ ಜಾಗಕ್ಕೆ ಅದನ್ನು ಯಾರೋ ಹೊತ್ತು ತಂದಿರಬೇಕು. ಅಂದರೆ ಕಲ್ಲಿಗಿಂತ ಅದು ಬಿದ್ದಿದ್ದ ಜಾಗವೇ ಹೆಚ್ಚು ಹೇಳುತ್ತದೆ. ಜಾಗವನ್ನು ಬರೆದಿಡದೆ ಎತ್ತಿ ತಂದ ನನ್ನ ಹನ್ನೊಂದು ಕಲ್ಲುಗಳು ಆ ಲೆಕ್ಕದಲ್ಲಿ ಮೂಕವಾದವು. ಈಗ ಏನು ಕಂಡರೂ ಇದ್ದಲ್ಲಿಯೇ ಬಿಟ್ಟು ಚಿತ್ರ ತೆಗೆದುಕೊಂಡು ಬರುತ್ತೇನೆ.

ಮೆಣಸಗಿಯ ಮೊದಲ ಕಲ್ಲನ್ನು ಕೊನೆಗೆ ದೇವರ ಲೆಕ್ಕಕ್ಕೆ ಬರೆದು, ಹೇಳಿದ ಮಾತಿನಂತೆ ಹಿತ್ತಲಿಗೆ ಹಾಕಿದೆವು. ಎರಡು ಬೇಸಿಗೆ ರಜೆಗಳಲ್ಲಿ ಮೊಮ್ಮಕ್ಕಳು ಅದರ ಮೇಲೆ ಬಾದಾಮಿ ಕಾಯಿ ಇಟ್ಟು ಜಜ್ಜಿ ತಿಂದಿದ್ದಾರೆ. ಮೊನ್ನೆ ಎತ್ತಿ ನೋಡಿದರೆ, ಅದರ ಚಪ್ಪಟೆ ಮಗ್ಗುಲಿನ ನಡುವೆ ಏಟಿನ ಮೇಲೆ ಏಟು ಬಿದ್ದು ರೂಪಾಯಿಯಗಲದ ಒರಟು ಗುಳಿಯೊಂದು ಮೂಡುತ್ತಿದೆ. ತೊಳೆದು ಮತ್ತೆ ಕಿಟಕಿಯಲ್ಲಿಟ್ಟಿದ್ದೇನೆ. ಹೆಂಡತಿ ಇನ್ನೂ ಗಮನಿಸಿಲ್ಲ.