ಗುಂಡಿಗೊಬ್ಬ ಕಲಾವಿದ ಬೇಕಾಗಿದ್ದಾನೆ

ಮೊನ್ನೆ ಮತ್ತೆ ಪೇಪರಿನಲ್ಲಿ ಅದೇ ಫೋಟೊ. ರಸ್ತೆ ಗುಂಡಿಯಲ್ಲಿ ಭತ್ತದ ನಾಟಿ ಮಾಡಿ ಪ್ರತಿಭಟನೆ. ತಪ್ಪೇನಿಲ್ಲ ಬಿಡಿ. ಗದ್ದೆಗಳೆಲ್ಲ ಲೇಔಟ್ ಆದ ಮೇಲೆ ನಾಟಿಗೆ ಉಳಿದಿರುವುದು ರಸ್ತೆ ಒಂದೇ.

ಈ ವಿದ್ಯೆಗೆ ಗುರುಗಳು ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್ ಪಾಳ್ಯದ ಗುಂಡಿಗೆ ತಾವೇ ಮಾಡಿದ ಮೊಸಳೆ ಬಿಟ್ಟರು. 2019ರಲ್ಲಿ ದೇಶವೆಲ್ಲ ಚಂದ್ರಯಾನ-2ಕ್ಕೆ ಕಾಯುತ್ತಿದ್ದಾಗ, ಗಗನಯಾತ್ರಿ ವೇಷದವರೊಬ್ಬರನ್ನು ಚಂದ್ರನ ಮೇಲೆ ತೇಲಿ ತೇಲಿ ನಡೆಸಿದರು. ಪಕ್ಕದಲ್ಲಿ ಆಟೋ ಹೋದಾಗಲೇ ಗೊತ್ತಾಗಿದ್ದು, ಅದು ಹೇರೋಹಳ್ಳಿ ಕಡೆಯ ರಸ್ತೆ ಅಂತ. ಮರುದಿನವೇ ರಿಪೇರಿ ಶುರು!

ನನಗೆ ಬಹಳ ಹಿಡಿಸಿದ್ದು ಆ 'ಮರುದಿನ'. ಅಂದರೆ ಜಲ್ಲಿ ಇತ್ತು. ಡಾಂಬರು ಇತ್ತು. ಆಳುಗಳೂ ಇದ್ದರು. ವೇಷ ಒಂದೇ ಕಮ್ಮಿಯಾಗಿತ್ತು.

ನಮ್ಮ ಬೀದಿ ಗುಂಡಿಗೆ ನಾನು ಮೂರು ಸಲ ದೂರು ಕೊಟ್ಟೆ. 'ಪರಿಹರಿಸಲಾಗಿದೆ' ಅಂತ ಮೊಬೈಲಿಗೆ ಮೆಸೇಜ್ ಬಂತು. ಗುಂಡಿಗೆ ಇನ್ನೂ ಬಂದಿಲ್ಲ. ನನಗೋ ಕಲೆ ಒಲಿದಿಲ್ಲ. ಮೊಸಳೆ ಮಾಡಲು ಕೂತರೆ ಹಲ್ಲಿ ಆಗುತ್ತದೆ. ಹಲ್ಲಿ ನೋಡಿ ಯಾರು ಡಾಂಬರು ತರುತ್ತಾರೆ?

ಹಾಗಂತ ಕಲೆಯ ಶಕ್ತಿ ಕಮ್ಮಿ ಅಂದುಕೊಳ್ಳಬೇಡಿ. ಬೀದಿ ತುದಿಯಲ್ಲಿ ಕಸ ಎತ್ತಿದ ಮೇಲೆ ಪೌರಕಾರ್ಮಿಕ ಹೆಂಗಸರು ಅಲ್ಲೊಂದು ರಂಗೋಲಿ ಹಾಕುತ್ತಾರೆ, ನೋಡಿಯಾದರೂ ಜನ ನಾಚಿಕೊಳ್ಳಲಿ ಅಂತ. ಮೊನ್ನೆ ಎಂಟು ಎಸಳಿನ ಕಮಲ, ಗುಲಾಬಿ ಬಣ್ಣ. ಬೆಳಿಗ್ಗೆ ಒಬ್ಬರು ಸ್ಕೂಟರ್ ನಿಲ್ಲಿಸಿದರು. ಕಾಲಿನ ಹತ್ತಿರ ಇಟ್ಟುಕೊಂಡಿದ್ದ ಕಸದ ಕವರ್ ತೆಗೆದರು. ಬಗ್ಗಿ, ಒಂದು ಎಸಳೂ ಅಳಿಸದ ಹಾಗೆ, ನಡುಮಧ್ಯೆ ಇಟ್ಟರು. ಮುಂಚೆ ಓಡಿಸುತ್ತಲೇ ಎಸೆಯುತ್ತಿದ್ದರು. ಬದಲಾವಣೆ ಅಲ್ವಾ?

2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಗುಂಡಿಗಳಿಗೂ ಹೊಸ ವಿಳಾಸ ಸಿಕ್ಕಿತು.

ನಗು ಸಾಕು. ಗುಂಡಿ ತಪ್ಪಿಸಲು ಹೋಗಿ ಲಾರಿ ಚಕ್ರಕ್ಕೆ ಸಿಕ್ಕವರ ಸುದ್ದಿ ಮಳೆಗಾಲದಲ್ಲಿ ಒಳಪುಟದ ನಾಲ್ಕು ಸಾಲು. ಅವರೇನು ವೇಷ ಹಾಕಿರಲಿಲ್ಲ, ಡ್ಯೂಟಿಗೆ ಹೊರಟಿದ್ದರು. ಸಂಬಳ ಎಣಿಸುವವರ ಕೈಯಲ್ಲಿ ಕೆಲಸ ಮಾಡಿಸಲು ಕಲಾವಿದ ತನ್ನ ಜೇಬಿನ ದುಡ್ಡು ಹಾಕಿ ಮೊಸಳೆ ಮಾಡಬೇಕೇನ್ರೀ? ಅವನಿಗೆ ಬೇರೆ ಚಿತ್ರ ಬರೆಯುವ ಆಸೆ ಇರುವುದಿಲ್ಲವೇ?

ಎದುರುಮನೆ ಅಜ್ಜಿ ನಮ್ಮ ಗುಂಡಿಯಲ್ಲಿ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ನಿಲ್ಲಿಸಿ, ಮೇಲೆ ಕೆಂಪು ಬಟ್ಟೆ ಕಟ್ಟಿದ್ದಾರೆ. ಯಾರೂ ಬೀಳದಿರಲಿ ಅಂತ. ನಾನು ಫೋಟೊ ತೆಗೆದು 'ಇನ್‌ಸ್ಟಲೇಷನ್ ಆರ್ಟ್' ಅಂತ ಬರೆದು ಹಾಕಿದ್ದೇನೆ. ಇನ್ನೂ 11 ಲೈಕು. ಡಾಂಬರಿಗೆ ಎಷ್ಟು ಬೇಕೋ ಗೊತ್ತಿಲ್ಲ.