ಮಣಿಕಟ್ಟಿನ ಚಹಾ

ಈ ಬೇಸಿಗೆಯಲ್ಲಿ ಅಕ್ಕನ ಮಗಳು ಬಂದವಳು ಹೆಬ್ಬೆರಳುದ್ದದ ಒಂದು ಗಾಜಿನ ಬಾಟಲಿಯನ್ನು ನನ್ನ ಕೈಗಿಟ್ಟಳು. ಒಳಗೆ ತೆಳುಹಸಿರು ನೀರು. "ಚಿಕ್ಕಮ್ಮ, ಇದು ಚಹಾದ ಸೆಂಟು. ಹಣ್ಣಿನ ವಾಸನೆಯೂ ಇದೆ, ಹೂವಿನದೂ ಇದೆ. ಬೇಸಿಗೆಗೆಂದೇ ಹೇಳಿ ಮಾಡಿಸಿದ ಹಾಗಿದೆ" ಎಂದಳು.

ನಾನು ಹುಟ್ಟಿದ್ದು ಮೈಸೂರಿನ ಕಾಫಿ ಮನೆಯಲ್ಲಿ. ಅಲ್ಲಿ ಚಹಾ ಎಂದರೆ ಹೆಚ್ಚುಕಡಿಮೆ ಕಷಾಯದ ಜಾತಿಗೆ ಸೇರಿದ್ದು, ನೆಗಡಿಯಾದಾಗ ನೆನಪಾಗುತ್ತಿತ್ತು. ಮದುವೆಯಾಗಿ ಸೇರಿದ್ದು ಧಾರವಾಡದವರ ಮನೆಗೆ. ಅವರಲ್ಲಿ ಸಂತೋಷಕ್ಕೂ ಚಹಾ, ದುಃಖಕ್ಕೂ ಚಹಾ, ಎರಡೂ ಇಲ್ಲದಿದ್ದರೆ ಬೇಸರವೆಂದು ಚಹಾ. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಮನೆಯ ಒಲೆಯ ಒಂದು ಉರಿ ಡಿಕಾಕ್ಷನ್ನಿನ ನೀರಿಗೆ, ಇನ್ನೊಂದು ಯಜಮಾನರ ಚಹಾ ಪಾತ್ರೆಗೆ ಮೀಸಲಾಗಿದೆ. ಹೀಗಿರುವಾಗ ಈ ಸೆಂಟಿನ ತೀರ್ಪುಗಾರರು ಯಾರೆಂದು ಬೇರೆ ಹೇಳಬೇಕಿಲ್ಲ. ಮಣಿಕಟ್ಟಿಗೆ ಒಂದು ಸಲ ಚಿಮುಕಿಸಿಕೊಂಡು ಅವರ ಮೂಗಿನ ಬಳಿ ಹಿಡಿದೆ.

"ಇದರಲ್ಲಿ ಚಹಾ ಎಲ್ಲಿದೆ?" ಎಂದರು. "ಶುಂಠಿ ಇಲ್ಲ, ಹಾಲಿಲ್ಲ. ಉಕ್ಕಿ ಒಲೆಯ ಮೇಲೆ ಬಿದ್ದ ವಾಸನೆಯಾದರೂ ಇರಬೇಕಲ್ಲ? ಹುಳಿ ಹುಳಿಯಾಗಿದೆ, ಅಷ್ಟೇ."

ನನಗೆ ಬಂದ ವಾಸನೆಯೇ ಬೇರೆ. ಮೊದಲು ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದರೆ ಕಣ್ಣಿಗೆ ಸಿಡಿಯುತ್ತದಲ್ಲ, ಆ ಚುರುಕು. ಅದು ಬರ್ಗಮಾಟ್ ಎಂದು ಅಕ್ಕನ ಮಗಳು ತಿದ್ದಿದಳು. ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ, ಹೇರಳೆಯದೇ ಬಳಗದ ಹಣ್ಣು. ಅರ್ಲ್ ಗ್ರೇ ಚಹಾಕ್ಕೆ ಆ ಪರಿಮಳ ಬರುವುದೂ ಇದರ ಸಿಪ್ಪೆಯ ಎಣ್ಣೆಯಿಂದಲೇ. ಅದರ ಹಿಂದೆಯೇ ಪೀಚ್ ಇದೆಯಂತೆ. ಪೀಚ್ ಹಣ್ಣನ್ನು ನಾನು ತಿಂದಿರುವುದು ಎರಡೇ ಸಲ, ಹಾಗಾಗಿ ನನ್ನ ಮೂಗು ತನಗೆ ಗೊತ್ತಿದ್ದ ಪನ್ನೇರಳೆಯನ್ನು ಆ ಜಾಗದಲ್ಲಿ ಕೂರಿಸಿತು. ಹತ್ತು ನಿಮಿಷ ಕಳೆದ ಮೇಲೆ ಹಣ್ಣುಗಳೆಲ್ಲ ಸರಿದುಹೋದವು. ಆಗ ಬಂತು ಚಹಾ: ಕುದಿದ ಚಹಾ ಅಲ್ಲ, ಪುಡಿ ಮುಗಿದ ಡಬ್ಬಿಯ ಮುಚ್ಚಳ ತೆಗೆದಾಗ ಒಳಗಿನ ಖಾಲಿಯಿಂದ ಏಳುತ್ತದಲ್ಲ, ಆ ಒಣ ವಾಸನೆ. ಸ್ವಲ್ಪ ಹುಲ್ಲು, ಸ್ವಲ್ಪ ಹೂವು. ಅವರಿಗೆ ಮತ್ತೆ ಕೈ ಚಾಚಿದೆ. "ಇಲ್ಲ" ಎಂದರು.

ಇಷ್ಟು ಖಚಿತವಾಗಿ ಇಲ್ಲವೆಂದವರನ್ನು ಸುಮ್ಮನೆ ಬಿಡುವುದು ನನ್ನ ಸ್ವಭಾವವಲ್ಲ. ಓದಲು ಕುಳಿತೆ. ಓದಿದಷ್ಟೂ ತಕ್ಕಡಿ ಅವರ ಕಡೆಗೇ ವಾಲಿತು. ಸೆಂಟಿನಲ್ಲಿ ಚಹಾವನ್ನು ಮೆರೆಸಿದವರಲ್ಲಿ ಮೊದಲಿಗ ಫ್ರಾನ್ಸಿನ ಜಾನ್ ಕ್ಲೋದ್ ಎಲೆನಾ. ಪ್ಯಾರಿಸ್ಸಿನ ಹೆಸರಾಂತ ಚಹಾ ಅಂಗಡಿ ಮಾರಿಯಾಜ್ ಫ್ರೇರ್‌ನಲ್ಲಿ ಡಬ್ಬಿಯ ಮೇಲೆ ಡಬ್ಬಿ ತೆರೆಸಿ ಮೂಸಿದ ಆತ, ಕೊನೆಗೆ ಮಾಡಿದ್ದೇನು? ಚಹಾ ಎಲೆಯನ್ನು ಬದಿಗಿಟ್ಟು, ಅಯೊನೋನ್ ಮತ್ತು ಹೆಡಿಯೋನ್ ಎಂಬ ಎರಡು ವಸ್ತುಗಳನ್ನು ಕೂಡಿಸಿದರೆ ಮೂಗಿಗೆ ಚಹಾ ಕಾಣಿಸುತ್ತದೆ ಎಂದು ತೋರಿಸಿಕೊಟ್ಟ. 1992ರಲ್ಲಿ ಬುಲ್ಗರಿ ಎಂಬ ಒಡವೆ ಕಂಪನಿ ಇದನ್ನು ತನ್ನ ಮೊದಲ ಸೆಂಟಾಗಿ ಹೊರತಂದಿತು. ಆಮೇಲೆ ಬಂದ ಚಹಾ ಸೆಂಟುಗಳು ಬಹುಮಟ್ಟಿಗೆ ಅದೇ ದಾರಿ ಹಿಡಿದವು. ಎಂದರೆ ಯಜಮಾನರು ಹೇಳಿದ್ದೇ ನಿಜ, ಇದರಲ್ಲಿ ಚಹಾ ಇಲ್ಲ. ಈ ಭಾಗವನ್ನು ನಾನು ಗಟ್ಟಿಯಾಗಿ ಓದಲಿಲ್ಲ.

ಆದರೆ ಅಯೊನೋನಿನ ಜಾತಕ ನೋಡಿದ ಮೇಲೆ ಸ್ವಲ್ಪ ಧೈರ್ಯ ಬಂತು. ಅದು ಕೇವಲ ಪ್ರಯೋಗಶಾಲೆಯ ಕೂಸಲ್ಲ. ಚಹಾ ಎಲೆ ಬಾಡಿ ಒಣಗುವಾಗ ಅದರೊಳಗಿನ ಕ್ಯಾರೊಟಿನ್ ಒಡೆದು ತಾನಾಗಿಯೂ ಹುಟ್ಟುತ್ತದೆ. ಮನುಷ್ಯರು ಅದನ್ನು ತಯಾರಿಸಿದ್ದು 1893ರಲ್ಲಿ, ಜರ್ಮನಿಯ ಟೀಮನ್ ಮತ್ತು ಕ್ರ್ಯೂಗರ್ ಎಂಬುವರು, ಸಿಟ್ರಾಲ್‌ನಿಂದ. ಸಿಟ್ರಾಲ್ ಹೇರಳವಾಗಿ ಸಿಗುವುದು ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ. ನಮ್ಮ ಹಿತ್ತಿಲ ಕುಂಡದಲ್ಲಿ ಯಜಮಾನರು ಮಗುವಿನಂತೆ ಸಾಕಿ, ದಿನಾ ಸಂಜೆ ಎರಡು ಗರಿ ಕತ್ತರಿಸಿ ಚಹಾಕ್ಕೆ ಹಾಕಿಕೊಳ್ಳುತ್ತಾರಲ್ಲ, ಅದೇ ಮಜ್ಜಿಗೆಹುಲ್ಲು! ಇದನ್ನು ಗಟ್ಟಿಯಾಗಿ ಓದಿದೆ. "ಸಂಬಂಧ ದೂರದ್ದಾಯಿತು" ಎಂದರು.

ಹೆಡಿಯೋನ್ ಮಲ್ಲಿಗೆಯ ಕಡೆಯ ನೆಂಟ. ಜಾಜಿಮಲ್ಲಿಗೆಯ ಎಣ್ಣೆಯ ಪರಿಮಳವನ್ನು ಬಿಡಿಸಿ ನೋಡುವ ಕೆಲಸದಲ್ಲಿ ಸಿಕ್ಕಿದ್ದು. 1966ರಲ್ಲಿ ಫ್ರಾನ್ಸಿನ ಸೆಂಟು ತಯಾರಕ ಎದ್ಮಂದ್ ರುದ್ನಿಟ್ಸ್ಕಾ 'ಓ ಸೊವಾಜ್' ಎಂಬ ಸೆಂಟಿನಲ್ಲಿ ಬಳಸಿ ಅದನ್ನು ಹೆಸರಿಗೆ ತಂದರು. ಇದು ಮುಡಿಯ ತುಂಬ ಮಲ್ಲಿಗೆ ಮುಡಿದವಳು ಎದುರು ಬಂದು ನಿಂತ ಹಾಗಲ್ಲ, ಬಸ್ಸಿನಲ್ಲಿ ನಾಲ್ಕು ಸೀಟು ಮುಂದೆ ಕುಳಿತ ಹಾಗೆ. ಬೇಸಿಗೆಗೆ ಇಂಥದ್ದೇ ಸರಿ. ಸೆಕೆಯಲ್ಲಿ ಸೆಂಟು ಬೇಗ ಹಾರುತ್ತದೆ. ಹಾರುವುದೆಂದರೆ ಒಮ್ಮೆಗೇ ಎಲ್ಲರ ಮೂಗಿಗೆ ನುಗ್ಗುವುದು. ಏಪ್ರಿಲ್ ಮಧ್ಯಾಹ್ನ ಕಿಕ್ಕಿರಿದ ಬಸ್ಸಿನಲ್ಲಿ ಗಾಢವಾದ ಅತ್ತರು ಹಚ್ಚಿಕೊಂಡವರ ಕಂಕುಳ ಕೆಳಗೆ ಅರ್ಧ ಗಂಟೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.

ಚೀನಾದವರದು ಇದಕ್ಕೆ ತಿರುವುಮುರುವಾದ ಆಟ. ಸೆಂಟಿನವರು ಚಹಾ ಇಲ್ಲದೆ ಚಹಾ ಮಾಡಿದರೆ, ಫುಜೌ ಊರಿನವರು ಚಹಾವನ್ನೇ ಹೂವಾಗಿಸುತ್ತಾರೆ. ಹಗಲು ಕಿತ್ತ ಮಲ್ಲಿಗೆ ಮೊಗ್ಗು ರಾತ್ರಿ ಬಿರಿಯುವ ಹೊತ್ತಿಗೆ ಚಹಾ ಎಲೆಯ ಜೊತೆ ಬೆರೆಸಿಡುತ್ತಾರೆ. ಎಲೆ ರಾತ್ರಿಯಿಡೀ ಪರಿಮಳವನ್ನು ಹೀರಿಕೊಳ್ಳುತ್ತದೆ. ಬೆಳಗ್ಗೆ ಸೋತ ಹೂವನ್ನು ತೆಗೆದು, ಮತ್ತೆ ಹೊಸ ಮೊಗ್ಗು. ಒಳ್ಳೆಯ ಚಹಾಕ್ಕೆ ಹೀಗೆ ಹಲವು ಸಲ. ಸಾಂಬಾರಪುಡಿಯ ಪಕ್ಕ ಇಟ್ಟ ಚಹಾಪುಡಿ ಹಾಳಾಯಿತೆಂದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಜಗಳವಾಗುತ್ತದೆ. ಚೀನಾದವರು ಎಲೆಯ ಅದೇ ದುರ್ಗುಣವನ್ನು ಕಸುಬಾಗಿ ಮಾಡಿಕೊಂಡಿದ್ದಾರೆ.

ಅಂತೂ ನನ್ನ ಕೈ ಮೇಲಾದದ್ದು 2013ರ ಒಂದು ಅಧ್ಯಯನದಿಂದ. ನ್ಯೂಜಿಲೆಂಡಿನ ವಿಜ್ಞಾನಿಗಳ ಪ್ರಕಾರ ಅಯೊನೋನಿನದೇ ಒಂದು ಬಗೆಯಾದ ಬೀಟಾ ಅಯೊನೋನಿನ ವಾಸನೆ ಎಲ್ಲರಿಗೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಮೂಗಿನ ಒಂದು ಜೀನ್‌ನಲ್ಲಿರುವ ಸಣ್ಣ ವ್ಯತ್ಯಾಸದಿಂದ ಕೆಲವರಿಗೆ ಅದು ಹೂವಿನಂತೆ ಸೊಗಸಾಗಿ ಬರುತ್ತದೆ. ಉಳಿದವರಿಗೆ ಕಷ್ಟಪಟ್ಟರೂ ಸಿಗುವುದಿಲ್ಲ, ಸಿಕ್ಕರೂ ವಿನಿಗರ್‌ನಂತೆ ಹುಳಿ ಎನ್ನಿಸುತ್ತದೆ. ಹುಳಿ! ನಾನು ಕನ್ನಡಕ ತೆಗೆದು ಅವರನ್ನು ನೋಡಿದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ವಿಜ್ಞಾನವೇ ಬಂದು ನನ್ನ ಪರವಾಗಿ ನಿಂತದ್ದು ಇದೇ ಮೊದಲು. "ಬಾಟಲಿಯಲ್ಲಿ ಚಹಾ ಇದೆ, ನಿಮ್ಮ ಮೂಗಿನಲ್ಲಿ ಇಲ್ಲ" ಎಂದೆ. ಅವರು ತಮ್ಮ ಮೂಗನ್ನು ಎರಡು ಬೆರಳಿನಿಂದ ಹಿಡಿದು ನೋಡಿಕೊಂಡು, "ನಮ್ಮಪ್ಪನದೂ ಇದೇ ಮೂಗು. ಎಂಬತ್ತು ವರ್ಷ ಚಹಾ ಕುಡಿದರು" ಎಂದು ಅಡುಗೆಮನೆಗೆ ಎದ್ದು ಹೋದರು.

ಸಂಜೆ ಆರಕ್ಕೆ ಮಣಿಕಟ್ಟು ಮೂಸಿಕೊಂಡೆ. ಹೇರಳೆ ಎಂದೋ ಹೋಗಿತ್ತು, ಮಲ್ಲಿಗೆಯೂ ಹೋಗಿತ್ತು. ಒಗೆದು ಮಡಿಸಿಟ್ಟ ಹತ್ತಿಯ ಸೀರೆಯಂಥ ಏನೋ ಒಂದು ಚೂರು ಉಳಿದಿತ್ತು. ಸೆಂಟು ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಅವರು ಎಡಗೈಯಲ್ಲಿ ಆವಿಯಾಡುವ ಲೋಟ ಹಿಡಿದು ಬಂದು ಪಕ್ಕದಲ್ಲಿ ಕುಳಿತರು. ಶುಂಠಿ, ಮಜ್ಜಿಗೆಹುಲ್ಲು, ಹಾಲು, ಎಲ್ಲವೂ ಲಕ್ಷಣವಾಗಿತ್ತು. ಏನನ್ನಿಸಿತೋ, ಬಲಗೈಯಿಂದ ನನ್ನ ಕೈಯನ್ನು ಎಳೆದುಕೊಂಡು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ಈಗ ಬಂತು ನೋಡು" ಎಂದರು.

ನಾನು ಲೋಟದ ವಿಷಯ ಎತ್ತಲಿಲ್ಲ.