ಹೊರಗಿನವರ ಮುಂದೆ ಮನೆ ಮಾತು

2025ರ ಜುಲೈ. ಇಲ್ಲಿ ಲಂಡನ್ನಿನಲ್ಲಿ ನಮ್ಮ ಕನ್ನಡಿಗರ ಕಮಿಟಿ ಮಾಡುವ ನವೆಂಬರಿನ ರಾಜ್ಯೋತ್ಸವಕ್ಕೆ ಆಡೋಣ ಅಂತ ನಲವತ್ತು ನಿಮಿಷದ ಒಂದು ನಾಟಕ ಬರೆದಿದ್ದೆ. ಸಾಗರದಿಂದ ಇಲ್ಲಿನ ಹ್ಯಾರೋಗೆ, ಮಗನ ಮನೆಗೆ ಬಂದ ಅಪ್ಪ. ಅವರಿಗೆ ಕೊಟ್ಟಿದ್ದು ಮೇಲಿನ ಸಣ್ಣ ರೂಮು. ಬೆಳಗ್ಗೆ ಐದಕ್ಕೆ ಎಚ್ಚರ ಆದರೂ ಕೆಳಗೆ ಇಳಿಯಲು ಹೆದರಿಕೆ. ಮೆಟ್ಟಿಲು ಕಿರ್ ಅನ್ನುತ್ತದೆ, ಮಗ ಸೊಸೆಯ ನಿದ್ದೆ ಕೆಡುತ್ತದೆ. ಹಾಗಾಗಿ ಮೇಲಿನ ಮೆಟ್ಟಿಲ ಮೇಲೇ ಶಾಲು ಹೊದ್ದು ಕೂತಿರುತ್ತಾರೆ, ಏಳೂವರೆ ಆಗುವ ತನಕ. ಮೊಮ್ಮಗನಿಗೆ ಕನ್ನಡ ಅರ್ಥ ಆಗುತ್ತದೆ, ಬಾಯಿಗೆ ಬರಲ್ಲ. ಇಷ್ಟೇ ಕಥೆ. ಯಾರೂ ಕೆಟ್ಟವರಲ್ಲ.

ಕಮಿಟಿಯ ಹಿರಿಯರೊಬ್ಬರು ಓದಿ ಫೋನ್ ಮಾಡಿದರು. "ಚೆನ್ನಾಗಿ ಬರೆದಿದ್ದೀಯಪ್ಪಾ. ಆದ್ರೆ ಹಬ್ಬದ ದಿನ ಬೇಡ. ಕೌನ್ಸಿಲರ್ ಬರ್ತಾರೆ, ಹೊರಗಿನವರು ನಾಲ್ಕು ಜನ ಇರ್ತಾರೆ. ಪಕ್ಕದಲ್ಲಿ ಕೂತವರು ಅವರಿಗೆ ಅರ್ಥಾನೂ ಬಿಡಿಸಿ ಹೇಳ್ತಾರೆ. ಅವರ ಮುಂದೆ ನಮ್ಮ ಮನೆ ಮಾತು ಯಾಕೆ? ನಗೋ ಅಂಥದ್ದು ಏನಾದ್ರೂ ಮಾಡು." ಬೈದು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ತುಂಬಾ ಅಕ್ಕರೆಯಿಂದಲೇ ಹೇಳಿದರು. ಹೂಂ ಸಾರ್ ಅಂತ ಫೋನ್ ಇಟ್ಟೆ.

ಅದೇ ವಾರ 'ಜೈಂಟ್' ನಾಟಕಕ್ಕೆ ಟಿಕೆಟ್ ತೆಗೆದಿಟ್ಟಿದ್ದೆ. ಮನಸ್ಸು ಸರಿ ಇರಲಿಲ್ಲ, ಆದರೂ ಹೋದೆ. ಮಾರ್ಕ್ ರೋಸನ್‌ಬ್ಲಾಟ್ ಬರೆದ ಮೊದಲ ನಾಟಕ ಅದು. ನಿರ್ದೇಶನ ನಿಕೋಲಸ್ ಹೈಟ್ನರ್ ಅವರದ್ದು. 2003ರಿಂದ 2015ರ ತನಕ ನ್ಯಾಷನಲ್ ಥಿಯೇಟರ್ ನಡೆಸಿದವರು. ಇಬ್ಬರೂ ಯಹೂದಿಗಳು. ಆ ವರ್ಷದ ಒಲಿವಿಯರ್ ಪ್ರಶಸ್ತಿಯಲ್ಲಿ ಹೊಸ ನಾಟಕದ ಬಹುಮಾನ ಇದಕ್ಕೇ ಬಂತು.

ನಾಟಕ ಅಂದರೆ ಒಂದು ಮಧ್ಯಾಹ್ನದ ಊಟ, ಅಷ್ಟೇ. 1983. ಮಕ್ಕಳ ಪುಸ್ತಕಗಳಿಗೆ ಜಗತ್ತೆಲ್ಲ ಹೆಸರಾದ ರೋಲ್ಡ್ ಡಾಲ್ ಮನೆ. ಅವರೊಂದು ಪುಸ್ತಕ ವಿಮರ್ಶೆ ಬರೆದಿದ್ದಾರೆ. ಇಸ್ರೇಲ್ ಲೆಬನಾನಿನ ಮೇಲೆ ನಡೆಸಿದ ದಾಳಿಯ ಬಗ್ಗೆ ಸಿಟ್ಟು ಅದು. ಆದರೆ ಬರೆಯುತ್ತಾ ಬರೆಯುತ್ತಾ ಸರ್ಕಾರವನ್ನು ಬಿಟ್ಟು ಯಹೂದಿ ಜನರನ್ನೇ ಬೈಯುವ ಕಡೆಗೆ ಮಾತು ಜಾರಿದೆ. ಕ್ಷಮೆ ಕೇಳಿಸೋಣ ಅಂತ ಪ್ರಕಾಶಕರ ಕಡೆಯವರು ಬಂದು ಕೂತಿದ್ದಾರೆ. ಒಬ್ಬರು ಟಾಮ್ ಮ್ಯಾಶ್ಲರ್. ಚಿಕ್ಕಂದಿನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದು ಇಂಗ್ಲಿಷರಾದವರು. ಇನ್ನೊಬ್ಬಾಕೆ ಅಮೆರಿಕದಿಂದ ಬಂದ ಜೆಸ್ಸಿ ಸ್ಟೋನ್, ಇದು ಕಲ್ಪನೆಯ ಪಾತ್ರ. ಇಬ್ಬರೂ ಯಹೂದಿಗಳೇ.

ನನ್ನನ್ನು ಹಿಡಿದು ಕೂರಿಸಿದ್ದು ಡಾಲ್ ಅಲ್ಲ. ಇವರಿಬ್ಬರು. ಮ್ಯಾಶ್ಲರ್ ಪ್ರತಿ ಮಾತನ್ನೂ ನಕ್ಕು ತೇಲಿಸುತ್ತಾರೆ. ಬಿಡಿ, ಅವರು ಹಾಗೇ, ದೊಡ್ಡದು ಮಾಡಬೇಡಿ ಅನ್ನುವ ಮುಖ. ಜೆಸ್ಸಿಗೆ ನುಂಗಿಕೊಳ್ಳಲು ಆಗುವುದಿಲ್ಲ. ಹೇಳಿಬಿಡುತ್ತಾಳೆ. ಆಗ ಮ್ಯಾಶ್ಲರ್‌ಗೆ ಡಾಲ್ ಮೇಲಿಗಿಂತ ಅವಳ ಮೇಲೇ ಇರಿಸುಮುರಿಸು ಜಾಸ್ತಿ. ಆ ಪಾತ್ರ ಮಾಡಿದ ಎಲಿಯಟ್ ಲೀವಿ ಸುಮ್ಮನೆ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. ಅಷ್ಟರಲ್ಲೇ ಎಲ್ಲಾ ಗೊತ್ತಾಯಿತು. ಆಫೀಸಿನಲ್ಲಿ ಯಾರೋ ನಮ್ಮವರನ್ನು ಹಂಗಿಸಿದಾಗ ನಾನೂ ಹೀಗೇ ಸರಿದು ಕೂತಿದ್ದೇನೆ. ಪಕ್ಕದ ಹುಡುಗಿ ಎದುರು ಮಾತಾಡಿದಾಗ ಅವಳ ಮೇಲೇ ನನಗೆ ಸಿಟ್ಟು ಬಂದಿದೆ.

ಸುತ್ತ ಕೂತ ಏಳೆಂಟು ನೂರು ಜನರಲ್ಲಿ ಯಹೂದಿಗಳು ಎಷ್ಟಿದ್ದಾರು? 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಯಹೂದಿಗಳು ಸುಮಾರು 2,71,000. ಸುಮಾರು ಇನ್ನೂರು ಜನರಿಗೆ ಒಬ್ಬರು. ಅಷ್ಟು ಸಣ್ಣ ಸಮುದಾಯ ತನ್ನೊಳಗಿನ ಭಿನ್ನಾಭಿಪ್ರಾಯವನ್ನು, ತನ್ನ ಹೆದರಿಕೆಯನ್ನು, ಹೊರಗಿನವರ ಮುಂದೆಯೇ ಹೀಗೆ ತೆರೆದಿಡುತ್ತದೆ. ಹೊರಗಿನವರು ಉಸಿರು ಬಿಗಿಹಿಡಿದು ನೋಡುತ್ತಾರೆ. ನಮ್ಮ ಕಮಿಟಿಯ ಮಾತು ಕಿವಿಯಲ್ಲಿ ಇನ್ನೂ ಬಿಸಿ ಇತ್ತು.

ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ನಾನು ಕೂತಿದ್ದ ಥಿಯೇಟರಿನ ಹೆಸರೇ ಹೆರಾಲ್ಡ್ ಪಿಂಟರ್ ಥಿಯೇಟರ್. ನಾಟಕಕಾರ ಪಿಂಟರ್ 1930ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಹುಟ್ಟಿದ ಯಹೂದಿ ಟೈಲರ್ ಮಗ. ಅವರ 'ದಿ ಬರ್ತ್‌ಡೇ ಪಾರ್ಟಿ' 1958ರಲ್ಲಿ ಲಂಡನ್ನಿಗೆ ಬಂದಾಗ ಎಂಟೇ ಪ್ರದರ್ಶನಕ್ಕೆ ನಿಂತುಹೋಯಿತು. 2005ರಲ್ಲಿ ನೊಬೆಲ್ ಬಂತು. 2011ರಲ್ಲಿ ಕಾಮೆಡಿ ಥಿಯೇಟರ್ ಅಂತಿದ್ದ ಆ ಕಟ್ಟಡಕ್ಕೆ ಅವರ ಹೆಸರನ್ನೇ ಇಟ್ಟರು. ಪಿಂಟರ್ ತಮ್ಮ ನಾಟಕಗಳಲ್ಲಿ ಯಹೂದಿ ಅನ್ನುವ ಪದವನ್ನು ಹೆಚ್ಚು ಎತ್ತುವುದಿಲ್ಲ. ಆದರೆ ಬಾಗಿಲು ತಟ್ಟಿ ಇಬ್ಬರು ಅಪರಿಚಿತರು ಒಳಗೆ ಬರುತ್ತಾರೆ, ನಯವಾಗಿ ಮಾತಾಡುತ್ತಾರೆ, ಮನೆಯಲ್ಲಿದ್ದವನನ್ನು ಎತ್ತಿಕೊಂಡು ಹೋಗುತ್ತಾರೆ. ಆ ಭಯ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾ?

ಬಾಯಿಬಿಟ್ಟು ಹೇಳಿದವರು ಆರ್ನಲ್ಡ್ ವೆಸ್ಕರ್. ಅವರೂ ಯಹೂದಿ ಟೈಲರಿಂಗ್ ಮನೆಯವರೇ, ಲಂಡನ್ನಿನ ಸ್ಟೆಪ್ನಿಯಲ್ಲಿ ಹುಟ್ಟಿದವರು. 'ಚಿಕನ್ ಸೂಪ್ ವಿತ್ ಬಾರ್ಲಿ' 1958ರಲ್ಲಿ ಕವೆಂಟ್ರಿಯಲ್ಲಿ ಮೊದಲು ಆಡಿದ್ದು. ಶುರುವಾಗುವುದು 1936ರ ಅಕ್ಟೋಬರ್ 4ರಂದು. ಯಹೂದಿಗಳನ್ನು ದ್ವೇಷಿಸುತ್ತಿದ್ದ ಫ್ಯಾಸಿಸ್ಟ್ ನಾಯಕ ಮೋಸ್ಲಿಯ ಕಪ್ಪಂಗಿಯವರನ್ನು ಲಂಡನ್ನಿನ ಈಸ್ಟ್ ಎಂಡ್ ಜನ ಕೇಬಲ್ ಸ್ಟ್ರೀಟಿನಲ್ಲಿ ತಡೆದ ದಿನ. ಇತಿಹಾಸ ಎಲ್ಲಾ ಹೊರಗೆ ಬೀದಿಯಲ್ಲಿ. ರಂಗದ ಮೇಲೆ ಮಾತ್ರ ಸಾರಾ ಅನ್ನುವ ತಾಯಿ ಚಹಾಕ್ಕೆ ನೀರಿಡುತ್ತಾಳೆ, ಕೈಲಾಗದ ಗಂಡನನ್ನು ಬೈಯುತ್ತಾಳೆ, ಬಂದವರಿಗೆಲ್ಲಾ ತಿನ್ನಲು ಕೊಡುತ್ತಾಳೆ. ಮಗಳಿಗೆ ಗಂಟಲಮಾರಿ ಬಂದಾಗ ಗಂಡ ನೆರವಿಗೆ ಬರಲಿಲ್ಲ, ಪಕ್ಕದ ಮನೆಯಾಕೆ ತಂದುಕೊಟ್ಟ ಸೂಪು ಮಗುವನ್ನು ಉಳಿಸಿತು. ನಾಟಕದ ಹೆಸರು ಆ ಸೂಪಿನದ್ದು. ನಾನು ಇದನ್ನು ಓದಿದ್ದು ರೈಲಿನಲ್ಲಿ. ಜ್ವರ ಬಂದಾಗ ಪಕ್ಕದ ಮನೆ ಶಾರದಕ್ಕ ತರುತ್ತಿದ್ದ ಗಂಜಿ, ಮೇಲೆ ಒಂದು ಚಮಚ ತುಪ್ಪ, ಪಕ್ಕಕ್ಕೆ ಮಿಡಿ ಉಪ್ಪಿನಕಾಯಿ. ಬಾಯಿಗೆ ಆ ರುಚಿಯೇ ಬಂದುಬಿಟ್ಟಿತು. ಸಾರಾ ಗಂಡ ಕೈಲಾಗದವನು, ಮಗ ಸೋತವನು, ಕಮ್ಯುನಿಸ್ಟ್ ಪಾರ್ಟಿಯ ಮೇಲಿನ ನಂಬಿಕೆ ಕೊನೆಗೆ ಮುರಿದುಬಿತ್ತು. ಎಲ್ಲವನ್ನೂ ಇಟ್ಟರು ವೆಸ್ಕರ್. ಹೊರಗಿನವರು ಏನಂದುಕೊಂಡಾರು ಅಂತ ಒಂದು ಸಾಲನ್ನೂ ತೆಗೆಯಲಿಲ್ಲ.

ಇನ್ನೊಬ್ಬ ನಾಟಕಕಾರ ಟಾಮ್ ಸ್ಟಾಪರ್ಡ್ ದಾರಿ ಇನ್ನೂ ಉದ್ದ. ಹುಟ್ಟಿದ್ದು 1937ರಲ್ಲಿ, ಚೆಕೊಸ್ಲೊವಾಕಿಯಾದ ಜ್ಲೀನ್‌ನಲ್ಲಿ. ಸಿಂಗಾಪುರಕ್ಕೆ ಓಡಿದರು, ತಂದೆ ಯುದ್ಧದಲ್ಲಿ ಹೋದರು, ತಾಯಿಯ ಜೊತೆ ಡಾರ್ಜಿಲಿಂಗಿನಲ್ಲಿ ಬೆಳೆದರು. ತಾಯಿ ಇಂಗ್ಲಿಷ್ ಮೇಜರನ್ನು ಮದುವೆಯಾದ ಮೇಲೆ 1946ರಲ್ಲಿ ಇಂಗ್ಲೆಂಡಿಗೆ ಬಂದರು. ಅಜ್ಜ ಅಜ್ಜಿ ನಾಲ್ವರೂ ಯಹೂದಿಗಳು, ನಾಜಿಗಳ ಕೈಯಲ್ಲಿ ಸತ್ತರು ಅಂತ ತಿಳಿಯುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಎಂಬತ್ತು ದಾಟಿದ ಮೇಲೆ 'ಲಿಯೋಪೋಲ್ಡ್‌ಸ್ಟಾಟ್' ಬಂತು, ವಿಯೆನ್ನಾದ ಒಂದು ಯಹೂದಿ ಕುಟುಂಬದ ನಾಟಕ. 2020ರ ಫೆಬ್ರವರಿಯಲ್ಲಿ, ಕೋವಿಡ್ ಎಲ್ಲವನ್ನೂ ಮುಚ್ಚಿಸುವ ಮುಂಚೆ, ವಿಂಡಮ್ಸ್ ಥಿಯೇಟರಿನಲ್ಲಿ ನೋಡಿದೆ. ಅದರಲ್ಲಿ ಅಜ್ಜಿಯೊಬ್ಬಳು ಫೋಟೋ ಆಲ್ಬಮ್ ಹಿಡಿದು ಕೂತಿರುತ್ತಾಳೆ. ಎಲ್ಲರ ಹೆಸರೂ ಬರೆದಿಡಬೇಕು ಅನ್ನುತ್ತಾಳೆ. ಯಾರು ಅಂತ ಗೊತ್ತಿಲ್ಲದ ಮುಖ ಆಲ್ಬಮಿನಲ್ಲಿ ಉಳಿದರೆ ಆ ಜೀವ ಎರಡನೇ ಸಲ ಸತ್ತ ಹಾಗೆ.

ಮನೆಗೆ ಬಂದವನೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಊರಿಂದ ತಂದ ಫೋಟೋಗಳನ್ನು ಒಂದೊಂದೇ ತೋರಿಸುತ್ತಾ ಹೋದೆ, ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದೆ. ಬಾವಿಕಟ್ಟೆ ಹತ್ತಿರ ಕೊಡ ಹಿಡಿದು ನಿಂತ ಒಬ್ಬ ಹೆಂಗಸು ಯಾರು ಅಂತ ಅಮ್ಮನಿಗೂ ಗೊತ್ತಾಗಲಿಲ್ಲ. ಸ್ಟಾಪರ್ಡ್ 2025ರ ನವೆಂಬರ್ ಕೊನೆಗೆ ತೀರಿಕೊಂಡರು. ಸುದ್ದಿ ನೋಡಿದಾಗ ನೆನಪಾಗಿದ್ದು ಆ ಹೆಂಗಸೇ.

ಇವರು ಮಾಡಿದ್ದನ್ನು ನಾವು ಯಾಕೆ ಮಾಡಲ್ಲ? ಇಲ್ಲಿ ಮೂವತ್ತು ನಲವತ್ತು ವರ್ಷ ಬಾಳಿದ ನಮ್ಮವರಿದ್ದಾರೆ. ಕೆಲಸ ಹೋದ ಕಥೆ, ಮಗಳು ಮನೆ ಬಿಟ್ಟ ಕಥೆ, ಅಮ್ಮ ಹೋದಾಗ ವಿಮಾನ ಸಿಗದ ಕಥೆ, ಬಾಡಿಗೆ ಮನೆ ಕೊಡುವಾಗ ನಾವೇ ಜಾತಿ ಕೇಳಿದ ಕಥೆ, ಯಾವುದಕ್ಕೂ ಬರ ಇಲ್ಲ. ಎಲ್ಲಾ ಪಾರ್ಕಿಂಗ್ ಜಾಗದಲ್ಲಿ, ಕಾರಿನ ಬಾಗಿಲು ಹಿಡಿದುಕೊಂಡು, ಮೆಲ್ಲಗೆ ಹೇಳುತ್ತೇವೆ. ಸ್ಟೇಜಿನ ಮೇಲೆ ಮಾತ್ರ ಅದೇ ಹೆಂಡತಿಗೆ ಹೆದರುವ ಗಂಡ, ಅದೇ ಸೀರೆ ಜೋಕು. ನಮ್ಮ ಬದುಕಿನ ಬಗ್ಗೆ ನಮಗೇ ಇಷ್ಟು ನಾಚಿಕೆ ಯಾಕೆ? ಇದು ನನಗೆ ನಿಜವಾಗಿಯೂ ಸಿಟ್ಟು ಬರಿಸುವ ವಿಷಯ.

ಊರಲ್ಲಿ ಹೀಗಿರಲಿಲ್ಲ, ಅದನ್ನೂ ಹೇಳಬೇಕು. ಇದೇ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಹೋದ ಕೈಲಾಸಂ ನೂರು ವರ್ಷದ ಹಿಂದೆಯೇ ನಮ್ಮ ಮನೆಗಳ ಟೊಳ್ಳನ್ನು ನಮ್ಮ ಮನೆಯ ಮಾತಲ್ಲೇ ರಂಗಕ್ಕೆ ತಂದರು. ಮನೆ ಮಾತು ತಮಿಳು, ಬರೆದದ್ದು ಕನ್ನಡ. ಕಾರ್ನಾಡರ ಮನೆ ಮಾತು ಕೊಂಕಣಿ. ನಮ್ಮ ರಂಗಭೂಮಿಗೂ ಪಕ್ಕದ ಬಾಗಿಲಿನಿಂದ ಬಂದವರ ಋಣ ದೊಡ್ಡದು. ನಾನು ಹೆಗ್ಗೋಡಿನ ನಾಟಕಗಳನ್ನು ನೆಲದ ಮೇಲೆ ಕೂತು ನೋಡಿ ಬೆಳೆದವನು. ಅಲ್ಲಿ ಯಾರೂ ಇದು ಬೇಡ, ನಗೋ ಅಂಥದ್ದು ಮಾಡಿ ಅನ್ನಲಿಲ್ಲ.

ಆದರೆ ಕಮಿಟಿಯ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಆಗುತ್ತಿಲ್ಲ. ಹೊರಗಿನವರ ಕಣ್ಣಿನ ಬಗ್ಗೆ ಅವರಿಗಿರುವ ಹೆದರಿಕೆ ಸುಳ್ಳಲ್ಲ. 2021ರಲ್ಲಿ ರಾಯಲ್ ಕೋರ್ಟ್ ಥಿಯೇಟರಿನ ಹೊಸ ನಾಟಕವೊಂದರಲ್ಲಿ ದುರಾಸೆಯ ಕೋಟ್ಯಧಿಪತಿಗೆ ಹರ್ಷೆಲ್ ಫಿಂಕ್ ಅಂತ ಯಹೂದಿ ಹೆಸರಿಟ್ಟಿದ್ದರು. ಪಾತ್ರ ಯಹೂದಿಯೇ ಅಲ್ಲ. ಗಲಾಟೆ ಆಯಿತು, ಥಿಯೇಟರ್ ಕ್ಷಮೆ ಕೇಳಿ ಹೆಸರು ಬದಲಿಸಿತು. ಇಷ್ಟು ವರ್ಷ ಬೆರೆತು ಬಾಳಿದ ಮೇಲೂ ಇದು ತಪ್ಪಲಿಲ್ಲ. ಮಾರನೇ ವರ್ಷ ಅದೇ ರಂಗದ ಮೇಲೆ ಯಹೂದಿಗಳ ಸಂದರ್ಶನಗಳನ್ನೇ ಜೋಡಿಸಿದ ನಾಟಕ ಬಂತು. 'ಜೈಂಟ್' ಮೊದಲು ಆಡಿದ್ದೂ ಅಲ್ಲೇ, 2024ರಲ್ಲಿ.

ಇನ್ನೊಂದು ವಿಷಯ ತಡವಾಗಿ ಹೊಳೆಯಿತು. ಪಿಂಟರ್, ವೆಸ್ಕರ್ ಬರೆದದ್ದೆಲ್ಲಾ ಇಂಗ್ಲಿಷಿನಲ್ಲಿ. ಅವರಿಗೂ ಮುಂಚೆ ಅದೇ ಈಸ್ಟ್ ಎಂಡ್‌ನಲ್ಲಿ ಯಿಡ್ಡಿಷ್ ರಂಗಭೂಮಿ ಇತ್ತು. ಯಿಡ್ಡಿಷ್ ಅಂದರೆ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಮನೆ ಮಾತು. ಕಮರ್ಷಿಯಲ್ ರೋಡಿನ ಗ್ರ್ಯಾಂಡ್ ಪಲೇಯ್ಸ್‌ನಲ್ಲಿ ಯುದ್ಧದ ನಡುವೆ ಆಡಿದ 'ಲ್ಯಾಂಪೆಡೂಸಾದ ರಾಜ' ಅವರ ಬಹಳ ದೊಡ್ಡ ಯಶಸ್ಸು. ನಿಜವಾಗಿ ನಡೆದದ್ದೇ. 1943ರಲ್ಲಿ ಸಿಡ್ನಿ ಕೊಹೆನ್ ಅನ್ನುವ ಲಂಡನ್ನಿನ ಟೈಲರ್ ಹುಡುಗ ವಾಯುಪಡೆಯ ವಿಮಾನ ಕೆಟ್ಟು ಇಟಲಿಯ ಆ ದ್ವೀಪದಲ್ಲಿ ಇಳಿದ. ಅಲ್ಲಿನ ಸೈನಿಕರು ಅವನಿಗೇ ಶರಣಾದರು. ಅದನ್ನು ಹಾಸ್ಯ ನಾಟಕ ಮಾಡಿ ಆಡಿದರು. ಮೇಲಿಂದ ಬಾಂಬು ಬೀಳುವ ಕಾಲ, ಯುರೋಪಿನಲ್ಲಿ ತಮ್ಮವರು ಸಾಯುತ್ತಿರುವ ಕಾಲ. ಜನ ಹೋಗಿ ಕೂತು ನಕ್ಕರು.

ನಗೋ ಅಂಥದ್ದು ಏನಾದ್ರೂ ಮಾಡು ಅನ್ನುವ ಮಾತಿನ ಒಳಗೆ ಇದೂ ಇರಬಹುದು, ಅಲ್ವಾ? ವಾರವಿಡೀ ಬೇರೆಯವರ ಭಾಷೆಯಲ್ಲಿ ದುಡಿದವರು ಒಂದು ಸಂಜೆ ತಮ್ಮ ಭಾಷೆಯಲ್ಲಿ ನಕ್ಕು ಮನೆಗೆ ಹೋಗಲಿ ಅಂತ. ಗ್ರ್ಯಾಂಡ್ ಪಲೇಯ್ಸ್ 1970ರಲ್ಲಿ ಮುಚ್ಚಿತು. ಮಕ್ಕಳು ಇಂಗ್ಲಿಷಿನಲ್ಲಿ ಗೆಲ್ಲುವ ಹೊತ್ತಿಗೆ ಅಪ್ಪ ಅಮ್ಮನ ಭಾಷೆಗೆ ಸ್ಟೇಜು ಉಳಿಯಲಿಲ್ಲ. ನಮ್ಮ ಹಿರಿಯರು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು, ಮೈಕು ತಂದು, ಪುಳಿಯೋಗರೆ ಕಟ್ಟಿಸಿ, ಇಷ್ಟು ವರ್ಷ ಆ ಸ್ಟೇಜು ಉಳಿಸಿದ್ದಾರೆ. ನನ್ನ ನಾಟಕ ಆಡಬೇಕು ಅಂತ ನಾನು ಹಟ ಹಿಡಿದಿರುವುದೂ ಅದರ ಮೇಲೇ.

ಈ ಯುಗಾದಿಗೆ ಮತ್ತೆ ಕೊಡುತ್ತೇನೆ. ಮೆಟ್ಟಿಲಿನ ದೃಶ್ಯ ತೆಗೆಯುವುದಿಲ್ಲ.

ಹೋದ ಭಾನುವಾರ ಮಗಳಿಗೆ ಪೂರ್ತಿ ಓದಿ ಹೇಳಿದೆ. ಅವಳಿಗೆ ಹದಿನಾಲ್ಕು, ಕನ್ನಡ ಓದಲು ಬರಲ್ಲ. ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ. "ಅಪ್ಪಾ, ಕೆಳಗೆ ಬನ್ನಿ ಅಂತ ಅಜ್ಜನಿಗೆ ಯಾರೂ ಹೇಳಲ್ವಾ?"

ನಮ್ಮಪ್ಪ ಇಲ್ಲಿಗೆ ಬಂದಾಗ ಅವಳಿಗೆ ಆರು ವರ್ಷ. ನಾನು ಏನೂ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಎದ್ದು, ತನ್ನ ರೂಮಿಗೆ ಹೊರಟಳು. ಮೂರನೇ ಮೆಟ್ಟಿಲು ಕಿರ್ ಅಂದಿತು.